ಬೆಟ್ಟದ ದಾರಿಗೆ ಜಾಮೀನು ಯಾರು?

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ಓದಿದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾರು ಏನೇ ಯೋಜನೆ ಹೇಳಿದರೂ ಅದರ ಕೊನೆಯ ಪುಟಕ್ಕೆ ಹೋಗಿ, ಕೆಳಗೆ ಸಹಿ ಮಾಡಿದವರು ಯಾರು ಎಂದು ನೋಡುವುದು. ಸಾಲ ಕೇಳುವವನ ಉತ್ಸಾಹವೆಲ್ಲ ಮೊದಲ ಪುಟದಲ್ಲೇ ಇರುತ್ತದೆ. ಅವನ ಕೈಲಿ ತೀರದೆ ಹೋದರೆ ನೋಟೀಸು ಯಾರ ಮನೆಗೆ ಹೋಗಬೇಕು ಎಂಬುದು ಕೊನೆಯ ಪುಟದ ವಿಷಯ. ನಾನು ನಿವೃತ್ತನಾಗಿ ಐದು ವರ್ಷ ಆಯಿತು, ಚಾಳಿ ಮಾತ್ರ ಹೋಗಿಲ್ಲ. ಈಚೆಗೆ ಪುಣೆಯಲ್ಲಿರುವ ನಾವು ಐದು ಜನ ನಿವೃತ್ತರು ಸಹ್ಯಾದ್ರಿಯ ಒಂದು ಉದ್ದನೆಯ ಕಾಲುದಾರಿಯ ಒಂದಿಷ್ಟು ಭಾಗವನ್ನು ನಡೆಯೋಣವೆಂದು ಯೋಜನೆ ಹಾಕುತ್ತ ಕೂತಾಗ ಇದೇ ಚಾಳಿ ನನ್ನನ್ನು ಒಂದು ಪ್ರಶ್ನೆಯ ಮುಂದೆ ತಂದು ನಿಲ್ಲಿಸಿತು. ಅರವತ್ತು ದಾಟಿದ ಮನುಷ್ಯ ಬರೀ ತನ್ನ ಸಂತೋಷಕ್ಕಾಗಿ, ಸ್ವಲ್ಪ ಅಪಾಯವೂ ಇರುವ ಕೆಲಸಕ್ಕೆ ಕೈಹಾಕಿದರೆ ಅದಕ್ಕೆ ಜಾಮೀನು ಯಾರು? ಆ ಜಾಮೀನುದಾರರನ್ನು ಯಾರಾದರೂ ಕೇಳಿದ್ದಾರೆಯೇ?

ದಾರಿ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಪನ್ಹಾಳಗಡವಿದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಜನಕ್ಕೆ ಇದೇನೂ ಹೊಸ ಹೆಸರಲ್ಲ. ಜೋತಿಬಾನ ದರ್ಶನಕ್ಕೆಂದು ಬಂದವರು ಪನ್ಹಾಳವನ್ನೂ ನೋಡಿಕೊಂಡು ಹೋಗುವುದುಂಟು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಶಿಲಾಹಾರರ ಇಮ್ಮಡಿ ಭೋಜನ ಹೆಸರು ಈ ಕೋಟೆಗೆ ಅಂಟಿಕೊಂಡಿದೆ; ಆ ವಂಶದವರ ಶಾಸನಗಳಲ್ಲಿ ಕನ್ನಡದವೂ ಇವೆ. 2025ರ ಜುಲೈಯಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಪನ್ಹಾಳವೂ ಒಂದು. ಅಲ್ಲಿಂದ ಪಶ್ಚಿಮಕ್ಕೆ, ಮಸಾಯಿ ಪಠಾರ ಎಂಬ ವಿಶಾಲವಾದ ಬಯಲನ್ನು ದಾಟಿ, ಕುಂಭಾರವಾಡಿ, ಖೋತವಾಡಿ, ಕರ್ಪೇವಾಡಿ, ಆಂಬೇವಾಡಿ ಮುಂತಾದ ಸಣ್ಣಸಣ್ಣ ವಾಡಿಗಳನ್ನು ಹಾಯ್ದು, ಕಾಡು ಹಳ್ಳಗಳಲ್ಲಿ ಇಳಿದು ಹತ್ತಿ ಪಾವನಖಿಂಡ ಎಂಬ ಕಣಿವೆಯನ್ನು ಸೇರುವ ದಾರಿ ಇದೆ. ಸುಮಾರು 50 ಕಿಲೋಮೀಟರ್. ಅಲ್ಲಿಂದ ಮುಂದೆ ವಿಶಾಳಗಡ. ಪ್ರಾಯದವರು ಪಾವನಖಿಂಡದವರೆಗಿನ ದಾರಿಯನ್ನು ಎರಡು ದಿನದಲ್ಲಿ ಮುಗಿಸುತ್ತಾರೆ.

ಈ ದಾರಿಗೆ ಇಷ್ಟು ಹೆಸರು ಬಂದದ್ದು 1660ರ ಜುಲೈ ತಿಂಗಳ ಒಂದು ಮಳೆಯ ರಾತ್ರಿಯಿಂದ. ಅದರಲ್ಲಿ ನಮ್ಮ ವಿಜಯಪುರದ ಪಾಲೂ ಇದೆ. ಆದಿಲಶಾಹಿಯ ಸರದಾರ ಸಿದ್ದಿ ಜೌಹರ ನಾಲ್ಕು ತಿಂಗಳು ಪನ್ಹಾಳಕ್ಕೆ ಮುತ್ತಿಗೆ ಹಾಕಿ ಕೂತಿದ್ದ. ಒಳಗೆ ಶಿವಾಜಿ. ಮುತ್ತಿಗೆ ಸಡಿಲಾದ ರಾತ್ರಿ ಶಿವಾಜಿ ಕೆಲವು ನೂರು ಜನ ಮಾವಳರೊಂದಿಗೆ ರಾಜದಿಂಡಿಯ ಕಡೆಯಿಂದ ಇಳಿದು ವಿಶಾಳಗಡದ ದಾರಿ ಹಿಡಿದ. ಅವನ ಹೋಲಿಕೆಯಿದ್ದ ಶಿವಾ ಕಾಶೀದ ಎಂಬ ಕ್ಷೌರಿಕ ಇನ್ನೊಂದು ಪಲ್ಲಕ್ಕಿಯಲ್ಲಿ ಕೂತು ಬೇರೆ ದಾರಿಯಲ್ಲಿ ಹೋಗಿ, ಬೇಕೆಂದೇ ಸಿಕ್ಕಿಬಿದ್ದು, ತಲೆ ಕೊಟ್ಟ ಎಂದು ಹೇಳುತ್ತಾರೆ. ಬೆನ್ನಟ್ಟಿದ ಸೈನ್ಯ ಹತ್ತಿರವಾದಾಗ ಘೋಡಖಿಂಡ ಎಂಬ ಇಕ್ಕಟ್ಟಿನಲ್ಲಿ ಬಾಜೀಪ್ರಭು ದೇಶಪಾಂಡೆ ತನ್ನ ಜನರೊಂದಿಗೆ ಅಡ್ಡ ನಿಂತ. ಶಿವಾಜಿ ಕೋಟೆ ಮುಟ್ಟಿದ ಗುರುತಿಗೆ ತೋಪಿನ ಸದ್ದು ಕೇಳುವವರೆಗೂ ಕಾದಾಡಿ ಬಿದ್ದ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಆ ಇಕ್ಕಟ್ಟಿಗೇ ಆಮೇಲೆ ಪಾವನಖಿಂಡವೆಂದು ಹೆಸರಾಯಿತು. ಪ್ರತಿ ವರ್ಷ ಜುಲೈಯಲ್ಲಿ, ಸುರಿಯುವ ಮಳೆಯಲ್ಲೇ, ಸಾವಿರಾರು ಜನ ಈ ದಾರಿ ನಡೆಯುತ್ತಾರೆ.

ನಮ್ಮ ಐದು ಜನರಲ್ಲಿ ಕೊಲ್ಹಾಪುರದವರೊಬ್ಬರಿದ್ದಾರೆ, ನನ್ನ ಹಳೆಯ ಸಹೋದ್ಯೋಗಿ. ಮೂವತ್ತು ವರ್ಷದ ಕೆಳಗೆ ಅವರು ಇದನ್ನು ಪೂರ್ತಿ ನಡೆದವರು. "ಮಳೆಯಲ್ಲಿ ನಡೆಯದಿದ್ದರೆ ಅದೆಂಥ ಪಾವನಖಿಂಡ?" ಎಂಬುದು ಅವರ ಮಾತು. ಆದರೆ ಆ ಮಳೆಯಲ್ಲಿ ಮಸಾಯಿ ಪಠಾರದ ಮೇಲೆ ಮಂಜು ಕವಿದರೆ ಹತ್ತು ಮಾರು ಮುಂದಿನ ಮನುಷ್ಯ ಕಾಣುವುದಿಲ್ಲ, ಗದ್ದೆಯ ಬದುಗಳಲ್ಲಿ ಮೊಳಕಾಲವರೆಗೆ ಕೆಸರು, ಹಳ್ಳಗಳು ಒಂದು ತಾಸಿನಲ್ಲಿ ಏರುತ್ತವೆ ಎಂದು ವರ್ಣಿಸಿದವರೂ ಅವರೇ. ಹೀಗಾಗಿ ಡಿಸೆಂಬರ್ ಎಂದು ನಿಶ್ಚಯ ಮಾಡಿದೆವು. ಡಿಸೆಂಬರಿನಲ್ಲಿ ಕೆಸರಿಲ್ಲ, ಆದರೆ ಪಠಾರದ ಮೇಲೆ ನೀರೂ ಇಲ್ಲ, ನೆರಳೂ ಇಲ್ಲ. ತಲೆಗೆ ಮೂರು ಲೀಟರ್ ನೀರು ಹೊರಬೇಕು. ದಾರಿಯನ್ನೂ ಮೊಟಕು ಮಾಡಿದೆವು. ಎರಡು ದಿನಕ್ಕೆ 50 ಕಿಲೋಮೀಟರ್ ನಮ್ಮಂಥವರ ಬಾಬತ್ತಲ್ಲ. ಮೊದಲ ಅರ್ಧವನ್ನಷ್ಟೇ, ಎರಡು ದಿನದಲ್ಲಿ, ಪನ್ಹಾಳದಿಂದ ಆಂಬೇವಾಡಿಯವರೆಗೆ ನಡೆದು, ಅಲ್ಲಿಂದ ಜೀಪು ಹಿಡಿದು ಹಿಂತಿರುಗುವುದು.

ಇಷ್ಟರವರೆಗೆ ಎಲ್ಲ ಲೆಕ್ಕಾಚಾರದ ಮಾತು. ತೊಡಕು ಬಂದದ್ದು ನಮ್ಮ ರಾಯರಿಂದ. ಹಾವೇರಿ ಕಡೆಯವರು, ನನಗಿಂತ ಎರಡು ವರ್ಷ ದೊಡ್ಡವರು, ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ವಿಭಾಗದಲ್ಲಿದ್ದು ನಿವೃತ್ತರಾದವರು. ಪುಣೆಗೆ ಬಂದ ಮೊದಲ ವರ್ಷದಿಂದ ನನಗೆ ಆಪ್ತರು. ಬೆಳಿಗ್ಗೆ ನಮ್ಮೆಲ್ಲರಿಗಿಂತ ಮುಂಚೆ ಎದ್ದು ಟೇಕಡಿ ಹತ್ತಿ ಇಳಿಯುತ್ತಿದ್ದವರು ಅವರೇ. ಎರಡು ವರ್ಷದ ಕೆಳಗೆ ಅವರಿಗೆ ಒಂದು ಸ್ಟೆಂಟ್ ಹಾಕಿದರು. ಈಗ ಆರೋಗ್ಯವಾಗಿದ್ದಾರೆ, ಮಾತ್ರೆ ತಪ್ಪಿಸುವುದಿಲ್ಲ. ಈ ಯೋಜನೆಯ ಮಾತು ಕಿವಿಗೆ ಬಿದ್ದದ್ದೇ "ನನ್ನ ಹೆಸರೂ ಬರಕೋರಿ" ಎಂದರು.

ನಮ್ಮಲ್ಲಿ ಎರಡು ಪಕ್ಷವಾಯಿತು. ಒಬ್ಬರು ಹೇಳಿದರು: "ಅವರ ಜೀವ, ಅವರ ಇಷ್ಟ. ಅರವತ್ತೇಳು ವರ್ಷದ ಮನುಷ್ಯನಿಗೆ ನೀನು ಬರಬೇಡ ಎನ್ನಲು ನಾವು ಯಾರು? ಮನೆಯಲ್ಲಿ ಸೋಫಾದ ಮೇಲೆ ಕೂತವರಿಗೂ ಬರುವುದು ಬರುತ್ತದೆ." ಇನ್ನೊಬ್ಬರ ಮಾತು ಬೇರೆ: "ಜೀವ ಅವರದು, ಸರಿ. ಆದರೆ ಪಠಾರದ ಮಧ್ಯೆ ಕುಸಿದು ಕೂತರೆ ಹೊರುವ ಹೆಗಲು ನಮ್ಮದು. ನಮಗೂ ಅರವತ್ತರ ಮೇಲೆಯೇ. ನಾಳೆ ಅವರ ಮನೆಯವರ ಮುಖ ನೋಡಬೇಕಾದವರೂ ನಾವೇ." ಎರಡೂ ನಿಜ. ಎರಡೂ ಪೂರ್ತಿಯಲ್ಲ.

ಮೊದಲ ಮಾತಿನಲ್ಲಿ ಒಂದು ಗೌರವವಿದೆ. ವಯಸ್ಸಾದವರನ್ನು ಮಕ್ಕಳಂತೆ ನಡೆಸಿಕೊಳ್ಳುವುದು ನಮ್ಮಲ್ಲಿ ಪ್ರೀತಿಯ ಹೆಸರಿನಲ್ಲಿ ನಡೆಯುವ ದೊಡ್ಡ ಅಗೌರವ. ಉಪ್ಪು ತಿನ್ನಬೇಡ, ಮೆಟ್ಟಲು ಹತ್ತಬೇಡ, ಒಬ್ಬನೇ ಬಸ್ಸಿಗೆ ಹೋಗಬೇಡ. ಹೀಗೆ ಬೇಡಗಳನ್ನು ಪೇರಿಸುತ್ತ ಹೋದರೆ ಕೊನೆಗೆ ಉಳಿಯುವುದು ಉಸಿರಾಟ ಒಂದೇ. ಆದರೆ 'ನನ್ನ ಜೀವ, ನನ್ನ ಇಷ್ಟ' ಎಂಬ ವಾಕ್ಯದಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ನನ್ನ ಜೀವ ನನ್ನ ಒಬ್ಬನ ಖಾತೆಯಲ್ಲಿ ಇಲ್ಲ. ಅದು ಜಂಟಿ ಖಾತೆ. ಹೆಂಡತಿ, ಮಕ್ಕಳು, ಜೊತೆಗೆ ನಡೆಯುವವರು ಎಲ್ಲರೂ ಅದರಲ್ಲಿ ಒಂದೊಂದು ಪಾಲು ಇಟ್ಟಿದ್ದಾರೆ.

ಭಾರತೀಯ ಕರಾರು ಕಾಯಿದೆ 1872ರದು. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಅದರ ಜಾಮೀನಿನ ಕಲಮುಗಳನ್ನು ನಾವು ಬಾಯಿಪಾಠ ಮಾಡುತ್ತಿದ್ದೆವು. 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಒಂದು ಪೈಸೆ ಕಡಿಮೆಯಲ್ಲ. ಸಾಲಗಾರ ಮದುವೆ ಮಾಡಿದ, ಮನೆ ಕಟ್ಟಿದ, ಸುಖಪಟ್ಟ. ಜಾಮೀನುದಾರ ಒಂದು ಕಪ್ಪು ಚಹಾ ಕುಡಿದು ಸಹಿ ಹಾಕಿದ. ಹೊಣೆ ಮಾತ್ರ ಸಮ. ಇದು ಅನ್ಯಾಯವಲ್ಲವೇ ಎಂದು ಎಷ್ಟೋ ಜನ ನನ್ನ ಮೇಜಿನ ಮುಂದೆ ಕೂತು ಕಣ್ಣೀರು ಹಾಕಿದ್ದಾರೆ. ಅನ್ಯಾಯವಲ್ಲ, ಏಕೆಂದರೆ ಕಾಯಿದೆ ಅವನನ್ನು ಎರಡು ಕಡೆ ಕಾಪಾಡುತ್ತದೆ. ಒಂದು, 133ನೆಯ ಕಲಮು: ಜಾಮೀನುದಾರನ ಒಪ್ಪಿಗೆ ಇಲ್ಲದೆ ಮೂಲ ಕರಾರಿನ ಷರತ್ತು ಬದಲಿಸಿದರೆ ಅಲ್ಲಿಂದ ಮುಂದಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಇನ್ನೊಂದು, 145ನೆಯ ಕಲಮು: ಜಾಮೀನುದಾರ ನ್ಯಾಯವಾಗಿ ಕಟ್ಟಿದ್ದನ್ನು ಸಾಲಗಾರ ತುಂಬಿಕೊಡಬೇಕು, ಬಾಯಿಬಿಟ್ಟು ಹೇಳದಿದ್ದರೂ ಆ ಮಾತು ಕೊಟ್ಟಂತೆಯೇ ಲೆಕ್ಕ. ಅಂದರೆ ಒಪ್ಪಿಗೆ ಮತ್ತು ಋಣ. ಈ ಎರಡು ಇದ್ದರೆ ಒಬ್ಬರ ಸಾಹಸಕ್ಕೆ ಇನ್ನೊಬ್ಬರು ಹೊಣೆಯಾಗುವುದು ನ್ಯಾಯ. ಇಲ್ಲದಿದ್ದರೆ ಅದು ದರೋಡೆ.

ಇದನ್ನು ಬೆಟ್ಟದ ದಾರಿಗೆ ಹಚ್ಚಿ ನೋಡಿ. ಶಿವಾ ಕಾಶೀದನಿಗೆ ಪಲ್ಲಕ್ಕಿಯೊಳಗೆ ಕೂರುವಾಗಲೇ ತಾನು ತೀರಿಸುವುದು ಏನೆಂದು ಗೊತ್ತಿತ್ತು. ಬಾಜೀಪ್ರಭುವಿಗೂ ಗೊತ್ತಿತ್ತು. ಅವರು ತಿಳಿದು ಕೊಟ್ಟ ಜಾಮೀನು ಅದು. ಒಂದು ರಾಜ್ಯದ ಅಳಿವು ಉಳಿವಿಗಾಗಿ. ಅವರ ದಾರಿಯಲ್ಲಿ ರಜೆಯ ಸಂತೋಷಕ್ಕೆ ಹೋಗುವ ನಾವು, ಯಾರ ಒಪ್ಪಿಗೆಯನ್ನೂ ಪಡೆಯದೆ ಅಂಥದೇ ಹೆಗಲುಗಳನ್ನು ನೆಚ್ಚಿಕೊಂಡು ಹೊರಟರೆ, ಆ ದಾರಿಗೆ ನಾವು ಕೊಡುವ ಮರ್ಯಾದೆ ಏನು?

ನಾನು ಹೀಗೆಲ್ಲ ಯೋಚಿಸುತ್ತಿದ್ದಾಗಲೇ ಒಂದು ಮಧ್ಯಾಹ್ನ ರಾಯರ ಮನೆಯವರ ಫೋನು ಬಂತು. ನಾವು ವೈನಿ ಎಂದು ಕರೆಯುವುದು. ರಾಯರು ಮಲಗಿದ ಹೊತ್ತು ನೋಡಿ ಮಾಡಿದ್ದರು. "ಒಂದು ಉಪಕಾರ ಮಾಡ್ರಿ. ಗುಡ್ಡದ ಕಾರ್ಯಕ್ರಮ ರದ್ದಾತು ಅಂತ ಇವರಿಗೆ ಹೇಳಿಬಿಡ್ರಿ. ನೀವು ನಾಲ್ಕು ಮಂದಿ ಆಮ್ಯಾಲೆ ಸುಮ್ಮನ ಹೋಗಿ ಬರ್ರಿ. ನಾ ಹೇಳಿದ್ರ ಕೇಳೂದಿಲ್ಲ, ನೀವು ಹೇಳಿದ್ರ ಅವರ ಮನಸ್ಸಿಗೂ ಹತ್ತೂದಿಲ್ಲ."

ಸುಳ್ಳು ಸಣ್ಣದು. ಉದ್ದೇಶ ಒಳ್ಳೆಯದು. ಯಾರಿಗೂ ನಷ್ಟವಿಲ್ಲ. ಇಂಥ ಸುಳ್ಳನ್ನು ನಾವೆಲ್ಲ ದಿನಾಲು ಹೇಳುತ್ತೇವೆ, ನಮ್ಮ ಹಿರಿಯರೂ ಜೀವ ಉಳಿಸುವ ಸುಳ್ಳಿಗೆ ದೋಷವಿಲ್ಲ ಎಂದಿದ್ದಾರೆ. ಆದರೂ ನನಗೆ ಹೇಳಲು ಮನಸ್ಸಾಗಲಿಲ್ಲ. ಯಾಕೆ ಎಂದು ಆ ರಾತ್ರಿ ನನ್ನನ್ನೇ ಕೇಳಿಕೊಂಡೆ.

ಬ್ಯಾಂಕಿನಲ್ಲಿ ಒಂದು ರೂಢಿಯಿತ್ತು. ಸಾಲ ಕೊಡಲು ಮನಸ್ಸಿಲ್ಲದ ಅರ್ಜಿದಾರನಿಗೆ ಮುಖ ಮುರಿಯುವಂತೆ ಇಲ್ಲ ಎನ್ನುವ ಬದಲು, "ಈ ವರ್ಷದ ಸ್ಕೀಮು ಮುಗೀತು, ಮುಂದಿನ ವರ್ಷ ನೋಡೋಣ" ಎಂದು ಕಳಿಸುವುದು. ಹೇಳಿದವರಿಗೆ ಸುಲಭ, ಕೇಳಿದವನಿಗೂ ಅವಮಾನವಿಲ್ಲ. ಆದರೆ ಆ ಮನುಷ್ಯ ಮುಂದಿನ ವರ್ಷ ಮತ್ತೆ ಬರುತ್ತಿದ್ದ, ಅದೇ ಕಾಗದಗಳೊಂದಿಗೆ. ಅವನ ಅರ್ಜಿಯಲ್ಲಿ ಏನು ಕೊರತೆ ಎಂದು ಯಾರೂ ಹೇಳಿರಲಿಲ್ಲವಲ್ಲ, ಅವನು ತಿದ್ದಿಕೊಳ್ಳುವುದಾದರೂ ಹೇಗೆ? ಕೊರತೆ ಹೇಳಿದರೆ ಹತ್ತರಲ್ಲಿ ಮೂವರಾದರೂ ಸರಿಮಾಡಿಕೊಂಡು ಬರುತ್ತಾರೆ. ಸುಳ್ಳು ಹೇಳಿದಾಗ ನಾವು ಅವನ ಹಣ ಕಸಿಯುವುದಿಲ್ಲ. ತನ್ನ ಸ್ಥಿತಿಯನ್ನು ತಾನೇ ತೂಗಿ ನೋಡುವ ಅವನ ಹಕ್ಕನ್ನು ಕಸಿಯುತ್ತೇವೆ.

ರಾಯರ ವಿಷಯದಲ್ಲೂ ಹಾಗೆಯೇ. ರದ್ದಾಯಿತು ಎಂದರೆ ಅವರು ನಂಬುತ್ತಾರೆ. ಎರಡು ತಿಂಗಳ ಮೇಲೆ ನಮ್ಮ ಫೋಟೋ ಯಾರದೋ ಫೋನಿನಲ್ಲಿ ನೋಡುತ್ತಾರೆ. ಆಗ ಅವರು ಕಳೆದುಕೊಳ್ಳುವುದು ಒಂದು ಪ್ರವಾಸವನ್ನಲ್ಲ. ತಾನು ಇನ್ನು ಯಾರ ಲೆಕ್ಕದಲ್ಲೂ ಇಲ್ಲ, ತನ್ನ ಬಗ್ಗೆ ತೀರ್ಮಾನಗಳು ತನ್ನ ಬೆನ್ನ ಹಿಂದೆ ಆಗುತ್ತವೆ ಎಂದು ತಿಳಿಯುತ್ತಾರೆ. ಆ ನೋವಿಗೆ ಸ್ಟೆಂಟ್ ಇಲ್ಲ. ಹಾಗೆಂದು ವೈನಿ ಗುಟ್ಟಾಗಿ ಹೇಳಿದ್ದನ್ನು ರಾಯರ ಮುಂದೆ ಒದರುವುದೂ ತಪ್ಪೇ. ಅವರ ಹೆದರಿಕೆ ಸುಳ್ಳಲ್ಲ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ರಾತ್ರಿ ಕಳೆದವರು ಅವರು, ರಾಯರಲ್ಲ.

ಮರುದಿನ ವೈನಿಗೆ ನಾನೇ ಫೋನು ಮಾಡಿದೆ. "ಸುಳ್ಳು ಹೇಳೂದು ನನ್ನಿಂದ ಆಗೂದಿಲ್ಲ ವೈನಿ. ನೀವು ಹೇಳಿದ್ದನ್ನೂ ಯಾರಿಗೂ ಹೇಳೂದಿಲ್ಲ. ರವಿವಾರ ಇಬ್ಬರೂ ನಮ್ಮನಿಗೆ ಬರ್ರಿ. ಎಲ್ಲಾರೂ ಬರ್ತಾರ. ನಿಮ್ಮ ಮನಸ್ಸಿನ್ಯಾಗ ಏನದ ಅಲ್ಲೇ ಕೇಳಿಬಿಡ್ರಿ" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಆದರೂ ಬಂದರು.

ರವಿವಾರ ನಮ್ಮ ಮನೆಯಲ್ಲಿ ಹಚ್ಚಿದ ಅವಲಕ್ಕಿ, ಚಹಾ, ಮೇಜಿನ ಮೇಲೆ ನಕಾಶೆ. ನನ್ನ ಹೆಂಡತಿಯೇ ಶುರು ಮಾಡಿದಳು: "ನೀವು ಐದೂ ಮಂದಿ ಹೋಗ್ತೀರಿ, ಐದು ಮಂದಿ ಹೆಂಗಸರು ಇಲ್ಲಿ ಫೋನ್ ಹಿಡಕೊಂಡು ಕೂಡಬೇಕು. ಅಲ್ಲೆ ಸಿಗ್ನಲ್ ಅರೆ ಇರತದೋ ಇಲ್ಲೋ?" ಆ ಪ್ರಶ್ನೆಗೆ ನಮ್ಮ ಯಾರ ಬಳಿಯೂ ಉತ್ತರವಿರಲಿಲ್ಲ. ನಾವು ನೀರಿನ ಲೆಕ್ಕ ಹಾಕಿದ್ದೆವು, ಚಪಾತಿಯ ಲೆಕ್ಕ ಹಾಕಿದ್ದೆವು. ಕಾಯುವವರ ಲೆಕ್ಕ ಪಟ್ಟಿಯಲ್ಲಿ ಬಂದಿರಲಿಲ್ಲ. ಆಮೇಲೆ ವೈನಿ ಮಾತಾಡಿದರು, ರಾಯರ ಕಡೆಗೆ ನೋಡದೆ, ನಕಾಶೆಯ ಕಡೆಗೆ ನೋಡುತ್ತ: "ಇವರಿಗೆ ನಡುದಾರ್ಯಾಗ ಎದಿ ಹಿಡಕೊಂಡ್ರ ದವಾಖಾನಿಗೆ ಎಷ್ಟೊತ್ತಿಗೆ ಮುಟ್ಟಸ್ತೀರಿ? ಅಷ್ಟ ಹೇಳ್ರಿ."

ಯಾರೂ ಮಾತಾಡಲಿಲ್ಲ. ಕೊಲ್ಹಾಪುರದ ಗೆಳೆಯರು ಬೆರಳಿಟ್ಟು ತೋರಿಸಿದರು: ಪಠಾರದ ಈ ಅಂಚಿನಲ್ಲಿದ್ದರೆ ಇಷ್ಟು ಹೊತ್ತು, ಈ ಕಾಡಿನ ಇಳಿಜಾರಿನಲ್ಲಿದ್ದರೆ ಇನ್ನೂ ಹೆಚ್ಚು, ಅದೂ ಹೊರುವವರು ಸಿಕ್ಕರೆ. ರಾಯರು ಸುಮ್ಮನೆ ಕೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: "ರಸ್ತೆ ಹತ್ತಿರ ಇರೂ ಭಾಗ ಎಷ್ಟದ?" ಆ ಪ್ರಶ್ನೆಯಿಂದ ಮಾತಿನ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ 'ಹೋಗುವುದೋ ಬಿಡುವುದೋ' ಎಂದಿದ್ದದ್ದು 'ಎಷ್ಟು, ಹೇಗೆ' ಎಂದಾಯಿತು. ರಾಯರು ತಮ್ಮ ಅರ್ಜಿಯನ್ನು ತಾವೇ ಓದತೊಡಗಿದ್ದರು.

ಆ ರವಿವಾರದ ಮಾತು ಮತ್ತು ಮುಂದಿನ ವಾರ ಅವರ ಹೃದಯದ ಡಾಕ್ಟರು ಟಿಎಂಟಿ ಮಾಡಿಸಿ ಕೊಟ್ಟ ಸಲಹೆ ಎರಡನ್ನೂ ಸೇರಿಸಿ ನಿರ್ಧಾರವಾದದ್ದು ಇಷ್ಟು. ಸಮತಟ್ಟು ದಾರಿ ನಿಧಾನವಾಗಿ ನಡೆಯಲು ಅಡ್ಡಿಯಿಲ್ಲ, ಕಡಿದಾದ ಏರು ಬೇಡ ಎಂದು ಡಾಕ್ಟರು ಹೇಳಿದರು. ಹಾಗಾಗಿ ರಾಯರು ಪನ್ಹಾಳದ ಇಳಿಜಾರನ್ನು ಬಿಟ್ಟು, ವಾಹನ ಹೋಗುವಷ್ಟು ದೂರ ಜೀಪಿನಲ್ಲಿ ಬಂದು ಮಸಾಯಿ ಪಠಾರದಲ್ಲಿ ನಮ್ಮನ್ನು ಕೂಡಿಕೊಳ್ಳುತ್ತಾರೆ, ಪಠಾರದ ಮೇಲೆ ಎಷ್ಟಾಗುತ್ತದೋ ಅಷ್ಟು ನಡೆಯುತ್ತಾರೆ, ಆಮೇಲೆ ಅದೇ ಜೀಪಿನಲ್ಲಿ ಸುತ್ತುಹಾಕಿ ಸಂಜೆಯ ವಸತಿಯ ವಾಡಿಗೆ ಬರುತ್ತಾರೆ. ಇದರ ಜೊತೆಗೆ ಕೆಲವು ಷರತ್ತು ಬರೆದುಕೊಂಡೆವು. ಯಾರಾದರೂ 'ನನ್ನಿಂದ ಸಾಕು' ಎಂದರೆ ಕಾರಣ ಕೇಳಬಾರದು. ಒಬ್ಬರು ಹಿಂತಿರುಗಿದರೆ ಇನ್ನೊಬ್ಬರು ಜೊತೆಗೆ ಹಿಂತಿರುಗಬೇಕು. ಒಂಟಿಯಾಗಿ ಯಾರೂ ಇಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ, ಚುರುಕಿನವರು ಹಿಂದೆ. ಮಧ್ಯಾಹ್ನ ಎರಡು ಗಂಟೆಯೊಳಗೆ ಖೋತವಾಡಿ ಮುಟ್ಟದಿದ್ದರೆ ಅವತ್ತಿನ ನಡಿಗೆ ಅಲ್ಲಿಗೇ ಮುಗಿಯಿತು. ದಾರಿಯನ್ನು ಮಧ್ಯದಲ್ಲಿ ಬದಲಿಸುವುದಿದ್ದರೆ ಸಿಗ್ನಲ್ ಸಿಗುವ ಕಡೆ ನಿಂತು ಮನೆಗೆ ತಿಳಿಸಿಯೇ ಬದಲಿಸಬೇಕು. ಈ ಕೊನೆಯ ಷರತ್ತು ನಾನು ಬರೆಸಿದ್ದು. 133ನೆಯ ಕಲಮು ಎಂದು ಹೇಳಿದಾಗ ಎಲ್ಲರೂ ನಕ್ಕರು, ವೈನಿ ಮಾತ್ರ ನಗಲಿಲ್ಲ, "ಅದನ್ನ ಮ್ಯಾಲೆ ಬರೀರಿ" ಎಂದರು.

ಮನೆಯವರ ಒಪ್ಪಿಗೆ ಹೀಗಾಯಿತು. ಆದರೆ ನಮ್ಮ ಜಾಮೀನುದಾರರು ಮನೆಯವರಷ್ಟೇ ಅಲ್ಲ. ಯಾರ ಕಾಲಾದರೂ ಮುರಿದರೆ ಮೊದಲು ಓಡಿಬರುವವರು ಆ ವಾಡಿಗಳ ಜನ. ಬತ್ತ, ನಾಚಣಿ ಬೆಳೆದುಕೊಂಡು, ಒಂದೆರಡು ಎಮ್ಮೆ ಕಟ್ಟಿಕೊಂಡು ಇರುವವರು. ಅವರ ಮನೆಯ ಹುಡುಗರು ಕೊಲ್ಹಾಪುರಕ್ಕೋ ಮುಂಬಯಿಗೋ ದುಡಿಯಲು ಹೋಗಿರುತ್ತಾರೆ. ಉಳಿದವರು ನಮ್ಮಂಥದೇ ವಯಸ್ಸಿನವರು. ಮಹಾರಾಷ್ಟ್ರದಲ್ಲಿ ಬೆಟ್ಟದ ಅಪಘಾತಗಳಿಗೆ ಧಾವಿಸುವ ಸ್ವಯಂಸೇವಕ ತಂಡಗಳೂ ಇವೆ. ಲೋಣಾವಳದ ಶಿವದುರ್ಗ ಮಿತ್ರದ ಹೆಸರನ್ನು ಇಲ್ಲಿ ಪತ್ರಿಕೆ ಓದುವವರೆಲ್ಲ ಬಲ್ಲರು. ಅದರ ಹುಡುಗರು ತಮ್ಮ ಕೆಲಸ ಬಿಟ್ಟು, ರಾತ್ರಿಯಲ್ಲಿ ಹಗ್ಗ ಹೊತ್ತು, ಪರಿಚಯವಿಲ್ಲದವರಿಗಾಗಿ ಕಣಿವೆಗೆ ಇಳಿಯುತ್ತಾರೆ. ಇವರ ಯಾರ ಸಹಿಯನ್ನೂ ನಾವು ತೆಗೆದುಕೊಂಡಿಲ್ಲ, ತೆಗೆದುಕೊಳ್ಳಲಿಕ್ಕೂ ಬರುವುದಿಲ್ಲ. ಕರೆದರೆ ಅವರು ಬರುತ್ತಾರೆ. ಬರುತ್ತಾರೆಂದು ನಮಗೆ ಗೊತ್ತಿದೆ. ಆ ಗೊತ್ತಿರುವುದರ ಮೇಲೆಯೇ ನಮ್ಮ ಧೈರ್ಯ ನಿಂತಿದೆ. ಒಪ್ಪಿಗೆ ಇಲ್ಲದ ಕಡೆ ಉಳಿಯುವುದು 145ನೆಯ ಕಲಮು, ಋಣ. ಆ ಋಣವನ್ನು ಅಪಘಾತವಾದ ಮೇಲೆ ತೀರಿಸಲು ಹೊರಟರೆ ತಡವಾಯಿತು. ಮೊದಲೇ ಸ್ವಲ್ಪ ಸ್ವಲ್ಪ ಕಟ್ಟುತ್ತ ಬರಬೇಕು. ಊಟಕ್ಕೆ ಎಷ್ಟು ಜನ ಎಂದು ನಾಲ್ಕು ದಿನ ಮುಂಚೆ ಹೇಳಿ, ಅಷ್ಟೇ ಜನ ಹೋಗುವುದು. ಒಬ್ಬರು ತಪ್ಪಿಸಿದರೂ ಅವರ ಭಾಕರಿಯ ದುಡ್ಡು ಕೊಡುವುದು. ಝುಣಕ ಭಾಕರಿಗೆ ಚೌಕಾಸಿ ಮಾಡದಿರುವುದು. ಅವರ ಬಾವಿಯಲ್ಲಿ ನೀರು ಇಳಿದಿದ್ದರೆ ತುಂಬಿಕೊಳ್ಳುವ ಮುಂಚೆ ಕೇಳುವುದು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಓಡಿಬರಬೇಕಾದ ಸಂದರ್ಭ ತರದಂತೆ ಬೇಗನೆ 'ಸಾಕು' ಎನ್ನುವುದು.

ಊರಲ್ಲೇ ಇರುವ ನಿಮಗೆ ಈ ಜಾಮೀನಿನ ವಿಚಾರ ಅತಿಯಾಯಿತು ಎನ್ನಿಸಬಹುದು. ಪರಊರಿನಲ್ಲಿ ಇದ್ದವರಿಗೆ ಹಾಗೆನ್ನಿಸುವುದಿಲ್ಲ. ಧಾರವಾಡದಲ್ಲಿ ನಾನು ಕಾಲೇಜಿಗೆ ಹೋಗುವಾಗ ಅಪ್ಪನ ಹೆಸರು ಹೇಳಿದರೆ ಸಾಕಿತ್ತು. ಪುಸ್ತಕದ ಅಂಗಡಿಯಲ್ಲಿ ಉದ್ರಿ, ಖಾನಾವಳಿಯಲ್ಲಿ ಊಟ. ಇಡೀ ಊರೇ ನನಗೆ ಜಾಮೀನು ನಿಂತಿತ್ತು, ಆದ್ದರಿಂದ ಅದು ಕಾಣುತ್ತಿರಲಿಲ್ಲ. ಪುಣೆಗೆ ವರ್ಗವಾಗಿ ಬಂದಾಗ ಬಾಡಿಗೆ ಮನೆಯ ಯಜಮಾನರು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ನಿಮ್ಮನ್ನು ಬಲ್ಲವರು ಯಾರಿದ್ದಾರೆ?" ಎಂದು. ಆಗ ನನ್ನ ಪರವಾಗಿ ಬಂದು ಕೂತು ಮಾತಾಡಿದವರು ಇದೇ ರಾಯರು. ಸಂಘದ ಕಾರ್ಯಕ್ರಮದಲ್ಲಿ ಎರಡು ಸಲ ಭೇಟಿಯಾದ ಪರಿಚಯ ಅಷ್ಟೇ. ಆ ದಿನಗಳಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆಯಲೂ ಹಳೆಯ ಖಾತೆದಾರರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಕರ್ನಾಟಕದಿಂದ ಕೆಲಸ ಹುಡುಕಿ ಬಂದ ಹುಡುಗರು ಕೈಯಲ್ಲಿ ಫಾರಮು ಹಿಡಿದು ಕನ್ನಡದವರ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ರಾಯರು ಅಂಥ ಎಷ್ಟು ಫಾರಮುಗಳಿಗೆ ಸಹಿ ಹಾಕಿದ್ದಾರೋ ಲೆಕ್ಕವಿಲ್ಲ. "ಇವನ ಮುಖ ನೋಡಿದ್ರ ಗೊತ್ತಾಗತದ, ನಮ್ಮ ಕಡೆಯವನು" ಎನ್ನುವುದೇ ಅವರ ವಿಚಾರಣೆ. ಮನೆ ಬಿಟ್ಟು ಬಂದವನ ಬದುಕು ಅಪರಿಚಿತರ ಜಾಮೀನಿನ ಮೇಲೆ ನಡೆಯುತ್ತದೆ ಎಂದು ನನಗೆ ಕಲಿಸಿದವರು ಇಂಥವರು. ಅವರನ್ನೇ ಒಂದು ಸುಳ್ಳು ಹೇಳಿ ಮನೆಯಲ್ಲಿ ಕೂರಿಸಿ ಬೆಟ್ಟಕ್ಕೆ ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ.

ಇನ್ನೊಂದು ಮಾತು. ಅರ್ಧ ದಾರಿ ನಡೆದು ಬರುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ನನ್ನ ಮಗ ಬೆಂಗಳೂರಿನಿಂದ ಫೋನಿನಲ್ಲಿ ಚೇಷ್ಟೆ ಮಾಡಿದ. ರಾಯರು ನಡೆಯುವುದು ಅದರಲ್ಲೂ ಒಂದು ತುಂಡು. ಪಾವನಖಿಂಡವನ್ನೇ ನೋಡದೆ ಪಾವನಖಿಂಡದ ದಾರಿ ನಡೆದೆವು ಎನ್ನುವುದು ಹೇಗೆ? ಸಹ್ಯಾದ್ರಿಯ ಉದ್ದ ಸುಮಾರು 1600 ಕಿಲೋಮೀಟರ್. ಗುಜರಾತಿನ ಗಡಿಯಿಂದ ಹೊರಟು, ನಮ್ಮ ಆಗುಂಬೆ, ಕುದುರೆಮುಖ, ಚಾರ್ಮಾಡಿಯನ್ನು ಹಾಯ್ದು, ಕನ್ಯಾಕುಮಾರಿಯ ಹತ್ತಿರ ಮುಗಿಯುವ ಈ ಬೆಟ್ಟಸಾಲಿನಲ್ಲಿ ಯಾರು ನಡೆದರೂ ನಡೆಯುವುದು ಒಂದು ತುಂಡನ್ನೇ. ಬಾಜೀಪ್ರಭು ಕೂಡ ವಿಶಾಳಗಡ ಮುಟ್ಟಲಿಲ್ಲ. ಪೂರ್ತಿ ಮಾಡುವುದೊಂದೇ ಮಾಡುವುದಕ್ಕೆ ಅರ್ಥ ಕೊಡುವುದಾದರೆ ಅರವತ್ತರ ಮೇಲೆ ಯಾರೂ ಏನನ್ನೂ ಆರಂಭಿಸುವಂತಿಲ್ಲ. ಎಲ್ಲಿ ನಿಲ್ಲಬೇಕು ಎಂಬುದನ್ನು ಹೊರಡುವ ಮೊದಲೇ, ತನ್ನ ಬಲವನ್ನೂ ಇನ್ನೊಬ್ಬರ ಹೆಗಲನ್ನೂ ತೂಗಿ ನಿರ್ಧರಿಸಿದವನ ಅರ್ಧ ದಾರಿ ಕೊರತೆಯದಲ್ಲ.

ಡಿಸೆಂಬರಿಗೆ ಇನ್ನೂ ಒಂದೂವರೆ ತಿಂಗಳಿದೆ. ರಾಯರು ದಿನಾಲು ಬೆಳಿಗ್ಗೆ ಬಯಲಿನಲ್ಲಿ ಆರು ಕಿಲೋಮೀಟರ್ ನಡೆಯುತ್ತಿದ್ದಾರೆ. ವೈನಿ ಗಡಿಯಾರ ಹಿಡಿದು ಜೊತೆಗೆ ಹೋಗುತ್ತಾರೆ. ಮೊನ್ನೆ ನನ್ನ ಹೆಂಡತಿಗೆ ಫೋನು ಮಾಡಿ, ಆ ಜೀಪಿನಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗ ಇರುತ್ತದಲ್ಲ, ಮನೆಯಲ್ಲಿ ಫೋನು ಹಿಡಿದು ಕೂರುವ ಬದಲು ನಾವೂ ಪಠಾರದವರೆಗೆ ಯಾಕೆ ಹೋಗಬಾರದು ಎಂದು ಕೇಳಿದರಂತೆ. ಹಾಗಾದರೆ ಊಟಕ್ಕೆ ಎಷ್ಟು ಜನ ಎಂದು ವಾಡಿಯವರಿಗೆ ಮತ್ತೆ ಫೋನು ಮಾಡಿ ಹೇಳಬೇಕು.